ವಿದ್ಯೆಯೂ ಆಶ್ರಯವೂ

ಸಂಸ್ಕೃತ ಪಾಠಶಾಲೆಗೆ ಸೇರಿದ ಬಾಲಕನು ಶಬ್ದರೂಪಗಳನ್ನು ಒಪ್ಪಿಸಲು ಕಲಿತ ಕೆಲವೇ ತಿಂಗಳುಗಳಲ್ಲಿ ಕಂಠಪಾಠ ಮಾಡುವ ಸುಭಾಷಿತಗಳ ಪೈಕಿ ಅರಸನನ್ನೂ ವಿದ್ವಾಂಸನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಸುಭಾಷಿತವೊಂದುಂಟು. ಅರಸನಿಗೆ ಮನ್ನಣೆ ಅವನ ಸೀಮೆಯೊಳಗೆ ಮಾತ್ರ, ವಿದ್ವಾಂಸನಿಗಾದರೋ ಹೋದೆಡೆಯಲ್ಲೆಲ್ಲ ಮನ್ನಣೆ ಎಂಬುದು ಅದರ ತಾತ್ಪರ್ಯ. ಹೊಲವೂ ಹಿತ್ತಲೂ ಇಲ್ಲದ ಎಷ್ಟೋ ಪಂಡಿತರ ಮನೆಗಳಲ್ಲಿ ಈ ಮಾತು ಪಿತ್ರಾರ್ಜಿತ ಆಸ್ತಿಯಂತೆ ತಂದೆಯಿಂದ ಮಗನಿಗೆ ಇಳಿದುಬಂದಿದೆ. ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ಕುಳಿತು ತರ್ಕಸಂಗ್ರಹವನ್ನು ಪಾಠ ಹೇಳಿದವರಿಗೆ ಅದೇ ಸಮಾಧಾನ. ಅದನ್ನು ಕೇಳಿದವರಿಗೆ ಅದೇ ಭರವಸೆ.

ಆದರೆ ಈ ಸುಭಾಷಿತವನ್ನು ಕಂಠದಲ್ಲಿರಿಸಿಕೊಂಡವನು ಚರಿತ್ರೆಯ ಪುಟಗಳನ್ನು ತಿರುವಿದರೆ ಮನಸ್ಸಿನಲ್ಲಿ ಒಂದು ಸಂಶಯವು ಹುಟ್ಟದಿರದು. ರಾಜ್ಯವು ಮುನಿದಾಗ, ಹಣವು ಬೆಲೆಗೆಟ್ಟಾಗ, ನಾಳೆ ತನ್ನ ಪೀಠ ಇರುವುದೋ ಇಲ್ಲವೋ ಎಂಬ ಅಂಜಿಕೆ ಮನೆಯೊಳಗೆ ಹೊಕ್ಕಾಗ, ವಿದ್ವಾಂಸನ ವಿದ್ಯೆ ಏನಾಗುತ್ತದೆ? ಮನ್ನಣೆಯ ಮಾತು ಹಾಗಿರಲಿ, ಅವನ ಕೆಲಸವಾದರೂ ನಡೆಯುತ್ತದೆಯೆ?

ವಿದ್ಯೆಗೆ ನೆಲೆ ಬೇಕೆಂಬುದನ್ನು ಕನ್ನಡ ನಾಡಿನ ಹಿರಿಯರು ಚೆನ್ನಾಗಿ ಅರಿತಿದ್ದರು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೊಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಕಟ್ಟಿಸಿದ ವಿದ್ಯಾಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ ಮನೆಗಳು, ಅಧ್ಯಾಪಕನ ಜೀವನಕ್ಕೆ ಭೂಮಿ, ಇವುಗಳೊಡನೆ ದೀಪಕ್ಕೆಂದೇ 12 ನಿವರ್ತನ ಭೂಮಿಯನ್ನು ಪ್ರತ್ಯೇಕವಾಗಿ ಬಿಡಲಾಗಿತ್ತು. ಓದುವವನಿಗೆ ಬುದ್ಧಿಯಿದ್ದರೆ ಸಾಲದು, ಸಂಜೆಯಾದ ಮೇಲೆ ಎಣ್ಣೆಯೂ ಬೇಕು ಎಂಬ ವಿವೇಕವು ಆ ದಾನಿಗೆ ಇತ್ತು. ಎಣ್ಣೆಯನ್ನು ಯಾರ ದಾಕ್ಷಿಣ್ಯಕ್ಕೂ ಬಿಡದೆ ಭೂಮಿಯ ಉತ್ಪತ್ತಿಗೆ ಕಟ್ಟಿದುದು ಅದಕ್ಕಿಂತ ದೊಡ್ಡ ವಿವೇಕ.

ನೆಲೆ ತಪ್ಪಿದರೆ ಏನಾಗುವುದೆಂಬುದಕ್ಕೂ ಶಾಸನವೇ ಸಾಕ್ಷಿ. ತಾಳಗುಂದದ ಸ್ತಂಭಶಾಸನವು ಹೇಳುವಂತೆ ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದನು. ಅಲ್ಲಿ ಪಲ್ಲವರ ಕುದುರೆಯ ಕಾವಲಿನವನೊಡನೆ ಕಲಹವಾಗಿ, ಅವಮಾನವನ್ನು ನುಂಗಲಾರದೆ ಓದನ್ನು ಬಿಟ್ಟನು. ದರ್ಭೆಯನ್ನು ಹಿಡಿಯತಕ್ಕ ಕೈ ಕತ್ತಿಯನ್ನು ಹಿಡಿಯಿತು. ಕದಂಬ ರಾಜ್ಯವು ಹುಟ್ಟಿತೆಂದು ಕನ್ನಡಿಗರು ಹೆಮ್ಮೆಪಡುವುದು ನ್ಯಾಯವೇ. ಆದರೆ ಅದೇ ದಿನ ಘಟಿಕೆಯು ಒಬ್ಬ ವಿದ್ಯಾರ್ಥಿಯನ್ನು ಕಳೆದುಕೊಂಡಿತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೀಗೆ ಓದನ್ನು ಬಿಟ್ಟವರಲ್ಲಿ ರಾಜ್ಯ ಕಟ್ಟುವವರು ಸಾವಿರಕ್ಕೊಬ್ಬರು; ಉಳಿದವರು ಹೆಸರಿಲ್ಲದೆ ಹೋಗುತ್ತಾರೆ.

ಈ ಸಂಗತಿಯನ್ನು ಪೂರ್ತಿಯಾಗಿ ತಿಳಿಯಬೇಕಾದರೆ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾನಿಲಯದ ಕಥೆಯನ್ನು ನೋಡಬೇಕು. ಅದರ ಕೊನೆಯ ಅಧ್ಯಾಯಗಳಲ್ಲಿ ಒಂದು ಬೆಂಗಳೂರಿನಲ್ಲಿಯೇ ನಡೆದುದರಿಂದ ಅದು ಕನ್ನಡಿಗರಿಗೆ ಪರಕೀಯವಾದ ಕಥೆಯೂ ಅಲ್ಲ.

ಗಾಟಿಂಗೆನ್ 1737ರಲ್ಲಿ ತೆರೆದ ವಿದ್ಯಾಪೀಠ. ಗಣಿತಜ್ಞರಲ್ಲಿ ಅಗ್ರಗಣ್ಯನಾದ ಗೌಸನು ಅಲ್ಲಿದ್ದನು. ಭೌತವಿಜ್ಞಾನಿಯಾದ ವಿಲ್ಹೆಲ್ಮ್ ವೇಬರನು ಅವನೊಡನೆ ಸೇರಿ 1833ರಲ್ಲಿ ಊರಿನ ಮನೆಗಳ ಮೇಲೆ ತಂತಿಯನ್ನೆಳೆದು, ವೀಕ್ಷಣಾಲಯದಿಂದ ಪ್ರಯೋಗಶಾಲೆಗೆ ವಿದ್ಯುತ್ತಿನ ಮೂಲಕ ವರ್ತಮಾನ ಕಳುಹಿಸುತ್ತಿದ್ದನು. ನಾಲ್ಕು ವರ್ಷಗಳಲ್ಲಿಯೇ ಆ ಜೋಡಿ ಒಡೆಯಿತು. 1837ರಲ್ಲಿ ಪಟ್ಟಕ್ಕೆ ಬಂದ ಹ್ಯಾನೋವರಿನ ದೊರೆ ಅರ್ನೆಸ್ಟ್ ಆಗಸ್ಟನು ನಾಡಿನ ರಾಜ್ಯಾಂಗವನ್ನು ರದ್ದುಮಾಡಿದಾಗ ಏಳು ಮಂದಿ ಪ್ರೊಫೆಸರುಗಳು, ತಾವು ಮಾಡಿದ ಪ್ರಮಾಣವನ್ನು ಮುರಿಯಲಾರೆವೆಂದು ಸಹಿ ಮಾಡಿ ಬರೆದುಕೊಟ್ಟರು. ಏಳು ಜನರನ್ನೂ ಕೆಲಸದಿಂದ ತೆಗೆಯಲಾಯಿತು. ಅವರಲ್ಲಿ ಮೂವರು ಮೂರು ದಿನಗಳೊಳಗೆ ರಾಜ್ಯವನ್ನೇ ಬಿಡಬೇಕಾಯಿತು. ವೇಬರನು ಏಳು ಜನರಲ್ಲಿ ಒಬ್ಬನು. ಪ್ರಾಚ್ಯಭಾಷಾಪಂಡಿತನೂ ಗೌಸನ ಅಳಿಯನೂ ಆದ ಎವಾಲ್ಡನು ಇನ್ನೊಬ್ಬನು. ಗೌಸನು ಸಹಿ ಮಾಡಲಿಲ್ಲ. ಅವನ ಪೀಠ ಉಳಿಯಿತು. ಆದರೆ ಪ್ರಯೋಗಶಾಲೆಯ ಜೊತೆಗಾರನು ಪದಚ್ಯುತನಾದನು. ಮಗಳು ಗಂಡನೊಡನೆ ಟ್ಯೂಬಿಂಗೆನ್ನಿಗೆ ಹೊರಟುಹೋಗಿ ಕೆಲವು ವರ್ಷಗಳಲ್ಲಿ ಅಲ್ಲಿಯೇ ತೀರಿಕೊಂಡಳು. ಸುಮ್ಮನಿದ್ದವನಿಗೂ ನಷ್ಟ ತಪ್ಪಲಿಲ್ಲ.

ಆ ಏಳು ಜನರಲ್ಲಿ ಗ್ರಿಮ್ ಸಹೋದರರೂ ಇದ್ದರು. ಮಕ್ಕಳ ಕಥೆಗಳಿಂದ ಲೋಕವೆಲ್ಲ ಬಲ್ಲ ಈ ಅಣ್ಣತಮ್ಮಂದಿರು ಕೆಲಸ ಹೋಗಿ ಕೈ ಬರಿದಾದ ಹೊತ್ತಿನಲ್ಲಿ ಪ್ರಕಾಶಕರ ಪ್ರಾರ್ಥನೆಯಂತೆ ಜರ್ಮನ್ ಭಾಷೆಯ ಮಹಾನಿಘಂಟನ್ನು ಕೈಗೊಂಡರು. ಮೊದಲ ಸಂಪುಟ 1854ರಲ್ಲಿ ಬಂದಿತು. ಕೊನೆಯದು ಮುಗಿದದ್ದು 1961ರಲ್ಲಿ. ಕಷ್ಟವೇ ವಿದ್ಯೆಯ ತಾಯಿ ಎಂದು ಹೇಳುವವರು ಈ ನಿಘಂಟನ್ನು ಉದಾಹರಿಸುವುದುಂಟು. ಆದರೆ ಆ ಸಹೋದರರಿಗೆ ಪ್ರಷ್ಯದ ದೊರೆಯು ಬರ್ಲಿನ್ನಿನಲ್ಲಿ ಆಶ್ರಯವನ್ನು ಕೊಟ್ಟನೆಂಬುದನ್ನೂ ಅವರು ಸೇರಿಸಿ ಹೇಳಬೇಕು. ಕಷ್ಟವು ಕೆಲಸವನ್ನು ಆರಂಭಮಾಡಿಸಿತು. ಕೆಲಸವನ್ನು ಸಾಗಿಸಿದುದು ಆಶ್ರಯ.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ವಿದ್ವಾಂಸರಿಗೆ ಒದಗಿದ್ದು ಬೇರೆ ಬಗೆಯ ಪರೀಕ್ಷೆ. ಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ 4 ಮಾರ್ಕುಗಳಿಗಿಂತ ಸ್ವಲ್ಪ ಹೆಚ್ಚು ಬೆಲೆಯಿದ್ದುದು 1923ರ ನವೆಂಬರಿನಲ್ಲಿ 4 ಲಕ್ಷ 20 ಸಾವಿರ ಕೋಟಿ ಮಾರ್ಕುಗಳಿಗೆ ಏರಿತು. ಜೀವಮಾನವೆಲ್ಲ ಮಿಗಿಸಿಟ್ಟ ಹಣ ಒಂದು ರೊಟ್ಟಿಗೂ ಸಾಲದಾಯಿತು. ಸಂಬಳದ ಪ್ರೊಫೆಸರುಗಳ ಪಾಡೇ ಹೀಗಿರುವಾಗ, ವಿದ್ಯಾರ್ಥಿಗಳು ಕೊಡುವ ಶುಲ್ಕದ ಮೇಲೆಯೇ ಜೀವಿಸುತ್ತಿದ್ದ ಕಿರಿಯ ಉಪನ್ಯಾಸಕರ ಪಾಡನ್ನು ಹೇಳುವುದೇನು? ಹೊರದೇಶದ ಪುಸ್ತಕ, ಪತ್ರಿಕೆ, ಉಪಕರಣ ಯಾವುದನ್ನೂ ಕೊಳ್ಳುವಂತಿರಲಿಲ್ಲ. ವಿಜ್ಞಾನವನ್ನು ಈ ಆಪತ್ತಿನಿಂದ ಉಳಿಸುವುದಕ್ಕಾಗಿಯೇ 1920ರಲ್ಲಿ ಒಂದು ತುರ್ತು ಸಹಾಯ ಸಂಘವು ಹುಟ್ಟಬೇಕಾಯಿತು.

ಆಗ ಫ್ರಾಂಕ್‌ಫರ್ಟಿನಲ್ಲಿ ಮ್ಯಾಕ್ಸ್ ಬಾರ್ನ್ ಎಂಬ ಪ್ರೊಫೆಸರಿದ್ದರು. ಅವರ ಸಹಾಯಕರಾದ ಆಟೋ ಸ್ಟರ್ನರು ಪರಮಾಣುಗಳ ಸ್ವಭಾವವನ್ನು ಪರೀಕ್ಷಿಸುವ ಸೂಕ್ಷ್ಮಪ್ರಯೋಗವೊಂದನ್ನು ಯೋಚಿಸಿದ್ದರು, ಹಣವಿರಲಿಲ್ಲ. ಐನ್‌ಸ್ಟೈನರ ಸಾಪೇಕ್ಷತಾವಾದದ ವಿಷಯದಲ್ಲಿ ಜನರಿಗೆ ಬಹಳ ಕುತೂಹಲವಿದ್ದ ಕಾಲವದು. ಬಾರ್ನರು ಆ ವಿಷಯದ ಮೇಲೆ ಸಾರ್ವಜನಿಕ ಉಪನ್ಯಾಸಗಳನ್ನು ಮಾಡಿ, ಹರಿಕಥೆಗೆ ಕಾಣಿಕೆ ಎತ್ತುವಂತೆ ಪ್ರವೇಶಶುಲ್ಕವನ್ನು ವಸೂಲುಮಾಡಿ, ಪ್ರಯೋಗಶಾಲೆಗೆ ಕೊಟ್ಟರು. ಆ ಹಣದ ಬೆಲೆಯೂ ಕರಗತೊಡಗಿದಾಗ ನ್ಯೂಯಾರ್ಕಿನ ಗೋಲ್ಡ್‌ಮನ್ ಎಂಬ ಧನಿಕರು ನೂರಾರು ಡಾಲರುಗಳನ್ನು ಕಳುಹಿಸಿದರು. ಸ್ಟರ್ನ್ ಮತ್ತು ಗೆರ್ಲಾಖರು 1922ರಲ್ಲಿ ಮಾಡಿ ಮುಗಿಸಿದ ಆ ಪ್ರಯೋಗವು ಇಂದು ಭೌತವಿಜ್ಞಾನದ ಎಲ್ಲ ಪಠ್ಯಗಳಲ್ಲಿಯೂ ಇದೆ. ಅದರ ಹಿಂದೆ ಇದ್ದ ಚೀಟಿ ಮಾರಾಟವು ಪಠ್ಯಗಳಲ್ಲಿಲ್ಲ.

ಬಡತನವನ್ನು ವಿದ್ವಾಂಸರು ಹೀಗೆ ಹೇಗೋ ಎದುರಿಸಿದರು. 1921ರಲ್ಲಿ ಬಾರ್ನರು ಗಾಟಿಂಗೆನ್ನಿಗೆ ಬಂದರು. ಅಲ್ಲಿ ವೃದ್ಧರಾದ ಹಿಲ್ಬರ್ಟರು, ಗಣಿತಜ್ಞರಾದ ಕೂರಾಂಟರು, ಪ್ರಯೋಗನಿಪುಣರಾದ ಜೇಮ್ಸ್ ಫ್ರಾಂಕರು ಇದ್ದರು. ಎಮ್ಮಿ ನೋಯ್ತರ್ ಎಂಬ ಮಹಿಳೆಯೂ ಇದ್ದರು. ಹೆಂಗಸೆಂಬ ಕಾರಣದಿಂದ ಪಾಠ ಹೇಳುವ ಅಧಿಕಾರವನ್ನು 1919ರವರೆಗೆ ಕೊಡದಿದ್ದರೂ, ಹಿಲ್ಬರ್ಟರ ಹೆಸರಿನಲ್ಲಿ ಸಂಬಳವಿಲ್ಲದೆ ಪಾಠ ಹೇಳಿ, ಬೀಜಗಣಿತದ ಸ್ವರೂಪವನ್ನೇ ಬದಲಾಯಿಸಿದವರು ಆಕೆ. 1925ರಲ್ಲಿ ಹೈಸೆನ್‌ಬರ್ಗ್, ಬಾರ್ನ್, ಯೋರ್ಡಾನ್ ಈ ಮೂವರು ಅಲ್ಲಿಯೇ ಹೊಸ ಪರಮಾಣುಶಾಸ್ತ್ರಕ್ಕೆ ಅಡಿಪಾಯ ಹಾಕಿದರು. 1929ರಲ್ಲಿ ಅಮೆರಿಕದ ಧನದಿಂದ ಗಣಿತಕ್ಕೆಂದೇ ಭವ್ಯವಾದ ಭವನವು ಎದ್ದಿತು. ಎಣ್ಣೆಯ ಚಿಂತೆ ತೀರಿದಂತಿತ್ತು.

ಆಗ ಗಾಳಿ ಬೀಸಿತು. ಹಿಟ್ಲರನು ಅಧಿಕಾರಕ್ಕೆ ಬಂದ ಮೂರು ತಿಂಗಳೊಳಗೆ, 1933ರ ಏಪ್ರಿಲ್ 7ರಂದು, ಸರ್ಕಾರಿ ನೌಕರಿಯನ್ನು ಶುದ್ಧಿಗೊಳಿಸುವ ನೆಪದ ಕಾನೂನೊಂದು ಹೊರಟಿತು. ಯೆಹೂದ್ಯರೂ ಸರ್ಕಾರಕ್ಕೆ ಸಲ್ಲದ ಅಭಿಪ್ರಾಯವುಳ್ಳವರೂ ಪೀಠಗಳನ್ನು ಬಿಡಬೇಕೆಂಬುದು ಅದರ ಸಾರ. ಯುದ್ಧರಂಗದಲ್ಲಿ ಹೋರಾಡಿದವರಿಗೆ ವಿನಾಯಿತಿಯಿತ್ತು. ಹಾಗೆ ಉಳಿಯಬಹುದಾಗಿದ್ದ, ನೊಬೆಲ್ ಪಾರಿತೋಷಕವನ್ನೂ ಪಡೆದಿದ್ದ ಫ್ರಾಂಕರು, ತಮ್ಮವರಿಗಾದ ಅವಮಾನವನ್ನು ಒಪ್ಪಲಾರದೆ ತಾವಾಗಿ ರಾಜೀನಾಮೆ ಕೊಟ್ಟು ಅದನ್ನು ಬಹಿರಂಗಪಡಿಸಿದರು. ಆಗ ಅದೇ ವಿಶ್ವವಿದ್ಯಾನಿಲಯದ 42 ಮಂದಿ ಅಧ್ಯಾಪಕರು ಕೂಡಿ ಒಂದು ಪ್ರಕಟನೆಗೆ ಸಹಿ ಹಾಕಿದರು. ಅದು ಫ್ರಾಂಕರ ಬೆಂಬಲಕ್ಕಾಗಿ ಅಲ್ಲ. ಅವರ ರಾಜೀನಾಮೆ ವಿಧ್ವಂಸಕ ಕೃತ್ಯಕ್ಕೆ ಸಮವೆಂದು ಖಂಡಿಸುವುದಕ್ಕಾಗಿ. ಒಂದು ಶತಮಾನದ ಹಿಂದೆ ಅರಸನ ಅನ್ಯಾಯಕ್ಕೆ ವಿರುದ್ಧವಾಗಿ ಏಳು ಸಹಿಗಳು ಬಿದ್ದ ಊರಿನಲ್ಲಿಯೇ ಈ 42 ಸಹಿಗಳು ಬಿದ್ದವು. ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಇಟ್ಟುನೋಡಿದರೆ ಭಯವು ವಿದ್ವಾಂಸರಿಗೆ ಏನು ಮಾಡಬಲ್ಲುದೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

ಏಪ್ರಿಲ್ ತಿಂಗಳು ಮುಗಿಯುವುದರೊಳಗೆ ಬಾರ್ನ್, ಕೂರಾಂಟ್, ನೋಯ್ತರ್ ಮೊದಲಾದವರನ್ನು ಪಾಠದಿಂದ ದೂರವಿಡಲಾಯಿತು. ಬಾರ್ನರಿಗೆ ಈ ಸಂಗತಿ ತಿಳಿದದ್ದು ವರ್ತಮಾನಪತ್ರಿಕೆಯಿಂದ. ಮೇ 10ರಂದು ವಿಶ್ವವಿದ್ಯಾನಿಲಯಗಳ ಊರುಗಳಲ್ಲಿ ವಿದ್ಯಾರ್ಥಿಗಳೇ ಪುಸ್ತಕಗಳನ್ನು ರಾಶಿಹಾಕಿ ಸುಟ್ಟರು. ನವೆಂಬರಿನಲ್ಲಿ, ಕಾಲು ಶತಮಾನ ಪಾಠ ಹೇಳಿದ್ದ ಲಾಂಡೌ ಎಂಬ ಗಣಿತಜ್ಞರ ತರಗತಿಯ ಬಾಗಿಲಿಗೆ ವಿದ್ಯಾರ್ಥಿಗಳು ಅಡ್ಡನಿಂತರು. ಅವರ ಮುಂದಾಳು ಸಾಮಾನ್ಯ ತುಂಟನಲ್ಲ, ಗಣಿತದಲ್ಲಿ ಅಸಾಧಾರಣವಾದ ಬುದ್ಧಿಯುಳ್ಳ ತರುಣ. ಗುರುವಿನಿಂದ ವಿದ್ಯೆಯನ್ನು ಪಡೆದವನೇ ಗುರುವಿಗೆ ಬಾಗಿಲು ಮುಚ್ಚಿದನು. ಕೆಲಸವನ್ನು ಕಳೆದುಕೊಂಡ ನೋಯ್ತರರು ಮಾತ್ರ ಶಿಷ್ಯರನ್ನು ತಮ್ಮ ಮನೆಗೇ ಕರೆದು ಪಾಠ ಮುಂದುವರಿಸಿದರು. ಆಕೆ ಅದೇ ವರ್ಷ ಅಮೆರಿಕಕ್ಕೆ ಹೋಗಿ 1935ರ ಏಪ್ರಿಲಿನಲ್ಲಿ ಅಲ್ಲಿಯೇ ಮೃತರಾದರು. ಗಾಟಿಂಗೆನ್ನಿನಲ್ಲಿ ಗಣಿತ ಹೇಗಿದೆಯೆಂದು ಹೊಸ ವಿದ್ಯಾಮಂತ್ರಿಯು ಹಿಲ್ಬರ್ಟರನ್ನು ಕೇಳಿದಾಗ, ಅಲ್ಲಿ ಗಣಿತವೆಂಬುದು ಇನ್ನಿಲ್ಲವೆಂದು ಆ ವೃದ್ಧರು ಉತ್ತರಕೊಟ್ಟರೆಂಬ ಪ್ರತೀತಿಯಿದೆ. ಆ ಮಾತು ನಡೆದಿರಲಿ ಬಿಡಲಿ, ಸಂಗತಿ ಮಾತ್ರ ನಿಜ. ಭವನವಿತ್ತು, ಪುಸ್ತಕಗಳಿದ್ದವು, ದೀಪವೂ ಉರಿಯುತ್ತಿತ್ತು, ಕುಳಿತು ಓದುವವರಿರಲಿಲ್ಲ.

ಹೊರಟವರ ಗತಿಯೇನಾಯಿತು? ಇಲ್ಲಿ ಸುಭಾಷಿತದ ಪರೀಕ್ಷೆ. 1933ರಲ್ಲಿಯೇ ಇಂಗ್ಲೆಂಡಿನಲ್ಲಿ ಬೆವರಿಜ್ ಮೊದಲಾದವರು ರುದರ್‌ಫರ್ಡರ ಅಧ್ಯಕ್ಷತೆಯಲ್ಲಿ ವಿದ್ವಾಂಸರ ಸಹಾಯ ಮಂಡಲಿಯೊಂದನ್ನು ಸ್ಥಾಪಿಸಿದರು. ಅನೇಕರು ತಮ್ಮ ಸಂಬಳದಲ್ಲಿ ಒಂದು ಭಾಗವನ್ನು ಅದಕ್ಕೆ ಮುಡಿಪಿಟ್ಟರು. ಇದು ಸ್ಮರಣೀಯವಾದ ಔದಾರ್ಯ. ಆದರೆ ಅಲ್ಲಿ ದೊರೆಯುತ್ತಿದ್ದುದು ಹೆಚ್ಚಾಗಿ ಒಂದೆರಡು ವರ್ಷದ ಜೀವನವೇತನ. ಐವತ್ತು ಮುಟ್ಟಿದ ಬಾರ್ನರು ಕೇಂಬ್ರಿಜ್‌ನಲ್ಲಿ ಇಂಥದೊಂದು ತಾತ್ಕಾಲಿಕ ಉಪನ್ಯಾಸಕತ್ವದಲ್ಲಿ, ನಾಳೆ ಎಲ್ಲಿಗೆ ಎಂದು ತಿಳಿಯದೆ ಮೂರು ವರ್ಷ ಕಳೆದರು.

ಅದೇ ಕಾಲದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಸರ್ ಸಿ. ವಿ. ರಾಮನ್ನರು 1933ರಿಂದ ಡೈರೆಕ್ಟರಾಗಿದ್ದರು. ಮೈಸೂರಿನ ಮಹಾರಾಜರು ಕೊಟ್ಟ 370ಕ್ಕೂ ಹೆಚ್ಚು ಎಕರೆಯ ನೆಲದಲ್ಲಿ ನಿಂತ ಆ ಸಂಸ್ಥೆಗೆ ಮೊದಲ ಭಾರತೀಯ ಡೈರೆಕ್ಟರು ಅವರೇ. ಯೂರೋಪು ಹೊರದೂಡುತ್ತಿದ್ದ ರತ್ನಗಳನ್ನು ಭಾರತವು ಆರಿಸಿಕೊಳ್ಳಬೇಕೆಂಬ ದೂರದೃಷ್ಟಿ ಅವರಿಗಿತ್ತು. ಅವರ ಆಹ್ವಾನದಂತೆ ಬಾರ್ನರು ಪತ್ನಿ ಹೆಡ್ವಿಗರೊಡನೆ 1935ರಲ್ಲಿ ಬೆಂಗಳೂರಿಗೆ ಬಂದು ಸುಮಾರು ಆರು ತಿಂಗಳು ಇದ್ದರು. ಪಾಠ ಹೇಳಿದರು, ರಾಮನ್ನರ ಶಿಷ್ಯರಾದ ನಾಗೇಂದ್ರನಾಥರೊಡನೆ ಸೇರಿ ಬರೆದ ಲೇಖನವನ್ನು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರನ್ನು ಗಣಿತಾತ್ಮಕ ಭೌತವಿಜ್ಞಾನದ ಪ್ರೊಫೆಸರಾಗಿ ಶಾಶ್ವತವಾಗಿ ನಿಲ್ಲಿಸಿಕೊಳ್ಳಬೇಕೆಂದು ರಾಮನ್ನರು ಸಭೆಯ ಮುಂದೆ ಸೂಚನೆ ತಂದರು.

ಆ ಸಭೆಯಲ್ಲಿ ನಡೆದುದನ್ನು ಬಾರ್ನರು ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿದ್ದಾರೆ. ಆಗತಾನೆ ಬಂದಿದ್ದ ಇಂಗ್ಲಿಷ್ ಪ್ರೊಫೆಸರೊಬ್ಬರು ಎದ್ದು, ಸ್ವದೇಶದಿಂದ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ಈ ಸಂಸ್ಥೆಗೆ ತಕ್ಕವನಲ್ಲ ಎಂಬ ಅರ್ಥದಲ್ಲಿ ಮಾತನಾಡಿದರು. ಬಾರ್ನರು ಆ ಸಭೆಯಲ್ಲಿಯೇ ಕುಳಿತಿದ್ದರು. ಮನೆಗೆ ಹಿಂದಿರುಗಿದವರು ಪತ್ನಿಯ ಮುಂದೆ ಅತ್ತುಬಿಟ್ಟರು. ಪೀಠವು ಕೊನೆಗೂ ಮಂಜೂರಾಗಲಿಲ್ಲ. ಅದಕ್ಕೆ ಒಬ್ಬರ ಕಟುವಾಕ್ಯವೊಂದೇ ಕಾರಣವಲ್ಲ. ಸಂಸ್ಥೆಯ ಹಣವು ಯಾವ ಶಾಖೆಗೆ ಎಷ್ಟು ಸಲ್ಲಬೇಕು, ಡೈರೆಕ್ಟರ ಅಧಿಕಾರ ಎಷ್ಟರದು ಎಂಬ ವ್ಯಾಜ್ಯಗಳು ಮೊದಲೇ ಹೊಗೆಯಾಡುತ್ತಿದ್ದವು. ಅವುಗಳ ನಡುವೆ ಅತಿಥಿಯು ಸಿಕ್ಕಿಕೊಂಡರು. 1936ರಲ್ಲಿ ಬಾರ್ನರು ಎಡಿನ್‌ಬರೋಗೆ ಪ್ರೊಫೆಸರಾಗಿ ಹೋದರು. 1937ರಲ್ಲಿ ರಾಮನ್ನರೂ ಡೈರೆಕ್ಟರ ಪದವಿಯನ್ನು ಬಿಡಬೇಕಾಯಿತು. ಎರಡನೆಯ ದರ್ಜೆಯವರೆನಿಸಿಕೊಂಡ ಬಾರ್ನರಿಗೆ 1954ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಅದು ಅವರು 1926ರಲ್ಲಿ, ಅಂದರೆ ಬೆಂಗಳೂರಿಗೆ ಬರುವುದಕ್ಕೆ ಸುಮಾರು ಹತ್ತು ವರ್ಷ ಮುಂಚೆ, ಮಾಡಿದ್ದ ಕೆಲಸಕ್ಕಾಗಿ.

ಇದರ ಮುಂದೆ ನಡೆದುದನ್ನೂ ನೆನೆಯಬೇಕು. 1940ರ ದಶಕದಲ್ಲಿ ಸ್ಫಟಿಕಗಳ ಕಂಪನದ ವಿಷಯದಲ್ಲಿ ರಾಮನ್ನರಿಗೂ ಬಾರ್ನರಿಗೂ ತೀಕ್ಷ್ಣವಾದ ವಿವಾದವೆದ್ದಿತು. ತತ್ತ್ವವನ್ನು ನಿರ್ಣಯಿಸುವುದಕ್ಕಾಗಿ ನಡೆಯುವುದು ವಾದ, ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ ಎಂದು ನೈಯಾಯಿಕರು ವಿಭಾಗಿಸುತ್ತಾರೆ. ಒಂದೇ ಅಂಗಳದಲ್ಲಿ, ಒಂದೇ ಕರಿಹಲಗೆಯ ಮುಂದೆ, ಶಿಷ್ಯರ ಸಮಕ್ಷಮದಲ್ಲಿ ನಡೆಯಬಹುದಾಗಿದ್ದ ವಾದವು ಸಮುದ್ರದ ಆಚೆ ಈಚೆ ಪತ್ರಿಕೆಗಳಲ್ಲಿ ನಡೆದು ಬಹುಮಟ್ಟಿಗೆ ಜಲ್ಪವಾಯಿತು. ಕನ್ನಡ ನಾಡಿಗೆ ತಪ್ಪಿಹೋದದ್ದು ಒಬ್ಬ ಪ್ರೊಫೆಸರರ ಪಾಠ ಮಾತ್ರವಲ್ಲ, ಅಂಥ ವಾದಗಳನ್ನು ಕೇಳಿ ಬೆಳೆಯಬಹುದಾಗಿದ್ದ ಒಂದು ಶಿಷ್ಯಪರಂಪರೆ. ಇದಕ್ಕೆ ಪ್ರತಿಯಾಗಿ ಕಲ್ಕತ್ತೆಯನ್ನು ನೋಡಬಹುದು. ಲೈಪ್‌ಜಿಗ್ ಬಿಟ್ಟ ಲೆವಿ ಎಂಬ ಗಣಿತಜ್ಞರನ್ನು ಅಲ್ಲಿಯ ವಿಶ್ವವಿದ್ಯಾನಿಲಯವು 1935ರಲ್ಲಿ ಕರೆದು ಪೀಠ ಕೊಟ್ಟಿತು. ಅವರು ಹತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿದ್ದು, ಹೊಸ ಬೀಜಗಣಿತವನ್ನು ಭಾರತೀಯ ವಿದ್ಯಾರ್ಥಿಗಳಿಗೆ ಕಲಿಸಿದರು.

ಇದೆಲ್ಲ ಮುಗಿದುಹೋದ ಕಥೆಯೆಂದು ಯಾರೂ ಭಾವಿಸಬಾರದು. 1933ರ ಆ ಸಹಾಯ ಮಂಡಲಿಯು ಹೆಸರು ಬದಲಾಯಿಸಿಕೊಂಡು ಇಂದಿಗೂ ಕೆಲಸ ಮಾಡುತ್ತಿದೆ ಎಂಬುದೇ ಅದಕ್ಕೆ ಸಾಕ್ಷಿ. 2016ರಲ್ಲಿ ತುರ್ಕಿ ದೇಶವು ರಾಜಾಜ್ಞೆಗಳ ಮೂಲಕ ಸಾವಿರಾರು ಅಧ್ಯಾಪಕರನ್ನು ತೆಗೆದುಹಾಕಿತು. ನೈಜೀರಿಯ ದೇಶದಲ್ಲಿ ಸಂಬಳ ಮತ್ತು ಅನುದಾನಗಳ ವ್ಯಾಜ್ಯದಿಂದ 2022ರ ಫೆಬ್ರವರಿ ಮೊದಲ್ಗೊಂಡು ಅಕ್ಟೋಬರಿನವರೆಗೆ ಎಂಟು ತಿಂಗಳು ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರು ಪಾಠ ನಿಲ್ಲಿಸಿದರು. ಸರ್ಕಾರವು ಅವರ ಸಂಬಳವನ್ನು ನಿಲ್ಲಿಸಿತು. ಅಷ್ಟು ದೂರವೇಕೆ? ಕನ್ನಡ ನಾಡಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಭಾರದ ದೊಡ್ಡ ಪಾಲನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಬರುವ ತಿಥಿ ಗೊತ್ತಿಲ್ಲದವನು ಅತಿಥಿ ಎಂದು ಹಳೆಯ ವ್ಯುತ್ಪತ್ತಿ. ಇವರಿಗಾದರೋ ಬರುವ ತಿಥಿಯೂ ನಿಶ್ಚಯವಿಲ್ಲ, ಹೋಗುವ ತಿಥಿಯೂ ನಿಶ್ಚಯವಿಲ್ಲ. ವರ್ಷವರ್ಷವೂ ಹೊಸದಾಗಿ ಅರ್ಜಿ ಬರೆಯಬೇಕಾದವನು ಹತ್ತು ವರ್ಷ ಹಿಡಿಯುವ ಗ್ರಂಥವನ್ನು ಹೇಗೆ ಆರಂಭಿಸಿಯಾನು? ಯಾರ ಮನಸ್ಸು ಕೆಡುವುದೋ ಎಂದು ಅಳುಕುವವನು ತರಗತಿಯಲ್ಲಿ ಪೂರ್ವಪಕ್ಷವನ್ನಾದರೂ ಬಲವಾಗಿ ಹೇಗೆ ಮಂಡಿಸಿಯಾನು? ಹೊರಗಿನಿಂದ ನೋಡುವವರಿಗೆ ಪಾಠ ನಡೆಯುತ್ತಲೇ ಇರುತ್ತದೆ. ಒಳಗೆ ವಿದ್ಯೆಯು ಸಣ್ಣಗಾಗುತ್ತ, ಅಪಾಯವಿಲ್ಲದ ವಿಷಯಗಳನ್ನೇ ಆರಿಸಿಕೊಳ್ಳುತ್ತ, ಕೊನೆಗೆ ಟಿಪ್ಪಣಿಯನ್ನು ಬರೆಯಿಸುವ ಕಸಬಾಗಿ ಉಳಿಯುತ್ತದೆ.

ಹಾಗಾದರೆ ಆ ಸುಭಾಷಿತವು ಸುಳ್ಳೆ? ಇದಕ್ಕೆ ಮೀಮಾಂಸಕರ ಕ್ರಮದಲ್ಲಿ ಸಮಾಧಾನ ಹೇಳಬಹುದು. ಕೆಲವು ವಾಕ್ಯಗಳು ನೋಡುವುದಕ್ಕೆ ಇರುವ ಸಂಗತಿಯನ್ನು ವರ್ಣಿಸುವಂತೆ ತೋರುತ್ತವೆ. ಕ್ರಿಯಾಪದವು ವರ್ತಮಾನಕಾಲದಲ್ಲಿರುತ್ತದೆ, ಆದರೆ ವಿಚಾರಮಾಡಿದರೆ ಅವುಗಳ ತಾತ್ಪರ್ಯವು ವಿಧಿಯಲ್ಲಿರುತ್ತದೆ. ಹೀಗಿದೆ ಎಂದು ಅವು ಹೇಳುವುದಿಲ್ಲ, ಹೀಗೆ ಮಾಡತಕ್ಕದ್ದು ಎಂದು ಹೇಳುತ್ತವೆ. ವಿದ್ವಾಂಸನಿಗೆ ಎಲ್ಲೆಡೆಯಲ್ಲಿಯೂ ಮನ್ನಣೆಯೆಂಬ ಮಾತನ್ನು ವರ್ಣನೆಯೆಂದು ತಿಳಿದರೆ 1933ರ ಗಾಟಿಂಗೆನ್ನೂ 1936ರ ಬೆಂಗಳೂರೂ ಅದನ್ನು ಸುಳ್ಳುಮಾಡುತ್ತವೆ. ವಿಧಿಯೆಂದು ತಿಳಿದರೆ ಅದು ನಿಲ್ಲುತ್ತದೆ. ಆಗ ಅದು ಬಡ ಪಂಡಿತನಿಗೆ ಹೇಳಿದ ಸಮಾಧಾನವಲ್ಲ. ಅವನ ಸುತ್ತಲಿರುವ ಗೃಹಸ್ಥರಿಗೆ, ಸಭೆಗಳಲ್ಲಿ ಕುಳಿತು ಕೈಯೆತ್ತುವವರಿಗೆ, ಆಯವ್ಯಯವನ್ನು ಬರೆಯುವವರಿಗೆ ಹೇಳಿದ ಕರ್ತವ್ಯ. ಸಾಲೊಟಗಿಯ ದಾನಿಯು ಆ ಮಾತನ್ನು ವಿಧಿಯೆಂದೇ ತಿಳಿದು, ದೀಪದ ಎಣ್ಣೆಗೆ ಹನ್ನೆರಡು ನಿವರ್ತನ ಭೂಮಿಯನ್ನು ಬಿಟ್ಟು, ಕಲ್ಲಿನಲ್ಲಿ ಬರೆಯಿಸಿದನು.